ಟ್ರೇಲರ್ ಪಟ್ಟಿಯ ಬ್ಲೇಡು ಮತ್ತು ನಾನು ಕಲಿಸಿದ ಜಡತ್ವ

ಮುಧೋಳದ ಹೈಸ್ಕೂಲೊಂದರಲ್ಲಿ ಮೂವತ್ತು ವರ್ಷ ವಿಜ್ಞಾನ ಕಲಿಸಿ ನಿವೃತ್ತನಾದವನಿಗೆ ಹುಲ್ಲು ಕತ್ತರಿಸುವ ಒಂದು ಮಷಿನ್ನು ಯಾವ ಲೆಕ್ಕ? ಹೀಗೆ ಯೋಚಿಸಿದ್ದೇ ನಾನು ಮಾಡಿದ ಮೊದಲ ತಪ್ಪು. ಉಳಿದವು ಅದರ ಹಿಂದೆ ಸಾಲಾಗಿ ಬಂದವು.

ಭಾನುವಾರ ಹಳೆಯ ವಿದ್ಯಾರ್ಥಿಗಳು ಮನೆಗೇ ಬಂದು ನನ್ನನ್ನು ಸನ್ಮಾನಿಸುವವರಿದ್ದರು. ಸಭೆ ನಮ್ಮ ಮನೆಯ ಮುಂದಿನ ಹುಲ್ಲುಹಾಸಿನ ಮೇಲೆಯೇ ಎಂದು ನಾನೇ ಘೋಷಿಸಿಬಿಟ್ಟಿದ್ದೆ. ಆ ಹುಲ್ಲೋ, ಮಳೆಗಾಲ ಮುಗಿಯುವುದರೊಳಗೆ ಮೊಣಕಾಲು ಮುಟ್ಟಿತ್ತು. ಪೆಟ್ರೋಲ್ ಮಷಿನ್ನು ಹೊರತೆಗೆದು ಓಡಿಸಿದರೆ ಅದು ಹುಲ್ಲನ್ನು ಕತ್ತರಿಸುವ ಬದಲು ತಲೆ ಸವರಿ ಮಲಗಿಸುತ್ತಿತ್ತು.

ಬ್ಲೇಡಿಗೆ ಸಾಣೆ ಹಿಡಿಸಿದರೆ ಸಾಕು ಎಂದಳು ನನ್ನ ಹೆಂಡತಿ ಗೌರವ್ವ. ಈಳಿಗೆಯ ವಿಜ್ಞಾನ ಇಂಜಿನ್ನಿಗೆ ನಡೆಯುವುದಿಲ್ಲ ಎಂದು ನಕ್ಕು, ಬ್ಲೇಡು ಬಿಚ್ಚಿ ಅಂಗೈಯಲ್ಲಿ ತೂಗಿ ನೋಡಿದೆ. ಹಗುರ! ರೋಗ ಸಿಕ್ಕೇಬಿಟ್ಟಿತು. ಹಗುರ ಕೊಡಲಿಯಿಂದ ಯಾರಾದರೂ ಜಾಲಿಗಿಡ ಕಡಿಯುತ್ತಾರೆಯೇ?

ನಮ್ಮ ಕಡೆ ಕೊಡಲಿ, ಕುಡಗೋಲು ಏನೇ ಗಟ್ಟಿಯಾಗಿ ಬೇಕೆಂದರೂ ಕಬ್ಬಿನ ಟ್ರೇಲರ್‌ನ ಮುರಿದ ಸ್ಪ್ರಿಂಗ್ ಪಟ್ಟಿಯಿಂದಲೇ ಮಾಡಿಸುವುದು. ನಾನೂ ಅಂಥದೊಂದು ಪಟ್ಟಿ ಹೊತ್ತು ಕಮ್ಮಾರ ಮಾನಪ್ಪನ ಕುಲುಮೆಗೆ ಹೋದೆ. ಅವನು ಎರಡೂ ಕೈಯಿಂದ ಎತ್ತಿ ನೋಡಿ, "ಸರ, ಭಾಳ ವಜ್ಜ ಆಗತೈತ್ರಿ. ಆ ಸಣ್ಣ ಇಂಜಿನ್ ಇದನ್ನ ತಿರಗಸ್ತೈತೇನ್ರಿ?" ಎಂದ. ಭಾರವಾದದ್ದು ಒಮ್ಮೆ ತಿರುಗತೊಡಗಿದರೆ ಸುಲಭಕ್ಕೆ ನಿಲ್ಲುವುದಿಲ್ಲ ಎಂದು ಜಡತ್ವದ ಮೇಲೆ ಅವನಿಗೆ ಪೂರ್ತಿ ಒಂದು ಪೀರಿಯಡ್ ತೆಗೆದುಕೊಂಡೆ. ಪಾಪ, ಹಾಜರಿಯನ್ನೂ ಕೇಳದೆ ಕೂತು ಕೇಳಿದ.

ಶನಿವಾರ ಬೆಳಿಗ್ಗೆ ನೂತನ ಬ್ಲೇಡಿನ ಉದ್ಘಾಟನೆ. ಹಗ್ಗ ಎಳೆದೆ. ಇಂಜಿನ್ನು ಹಗ್ಗವನ್ನು ವಾಪಸು ಎಳೆದುಕೊಂಡಿತು, ಜೊತೆಗೆ ನನ್ನನ್ನೂ. ಭುಜ ಕೈಕೊಡುವ ಹೊತ್ತಿಗೆ ನರಳುತ್ತ ಶುರುವಾಯಿತು. ಮೊದಲ ಎರಡು ಮಾರು ಅದ್ಭುತ! ಗೌರವ್ವನ ಕಡೆ ವಿಜಯದ ನೋಟ ಬೀರಿದೆ. ಅಷ್ಟರಲ್ಲಿ ಹುಲ್ಲು ದಟ್ಟವಾದಲ್ಲಿ ಬ್ಲೇಡು ನಿಧಾನವಾಯಿತು. ಅದನ್ನು ಮತ್ತೆ ವೇಗಕ್ಕೆ ತರಲು ಇಂಜಿನ್ನಿನಲ್ಲಿ ಉಸಿರೇ ಇರಲಿಲ್ಲ. ಕಪ್ಪು ಹೊಗೆ ಬಿಟ್ಟಿತು, ಹುಲ್ಲನ್ನು ಜಗಿದು ಉಗುಳಿತು. ಪಟ್ಟಿಯ ಒಂದು ತುದಿ ಇನ್ನೊಂದಕ್ಕಿಂತ ಭಾರವಾಗಿದ್ದುದರಿಂದ ಇಡೀ ಮಷಿನ್ನು ಗಡಗಡ ನಡುಗುತ್ತ ನೆಲ ಅಗೆಯತೊಡಗಿತು. ಹೆದರಿ ಬಂದ್ ಮಾಡಿ ಕೈಬಿಟ್ಟೆ. ಇಂಜಿನ್ನಿನ ಸದ್ದು ನಿಂತಿತು. ಬ್ಲೇಡು ನಿಲ್ಲಲಿಲ್ಲ! ಮಾನಪ್ಪನಿಗೆ ಹೇಳಿದ ಪಾಠವನ್ನು ಅಕ್ಷರಶಃ ಪಾಲಿಸುತ್ತ, ಇಳಿಜಾರಿನಲ್ಲಿ ಜಾರಿದ ಮಷಿನ್ನಿನೊಂದಿಗೆ ಹೋಗಿ, ನೀರಿನ ಪೈಪನ್ನು ಮೂರು ತುಂಡು ಮಾಡಿ, ನಳದ ಕಟ್ಟೆಗೆ ಬಡಿಯಿತು. ಒಳಗೆ ಏನೋ ಕಟ್ ಎಂದಿತು.

ಹುಲ್ಲುಹಾಸು ಅರ್ಧ ಕ್ಷೌರಕ್ಕೆ ಎದ್ದುಬಂದವನ ತಲೆಯಂತೆ ಕಾಣುತ್ತಿತ್ತು. ನಾಳೆ ಅಷ್ಟೂ ಮಂದಿ ಶಿಷ್ಯರು ಬಂದು ಇದನ್ನು ನೋಡುತ್ತಾರೆ. ನಿಜ ಹೇಳಬೇಕೆಂದರೆ, ನನಗೆ ಅಳುವೇ ಬಂತು.

ಆಗ ರಸ್ತೆಯಲ್ಲಿ ಕುರಿ ಹೊಡೆದುಕೊಂಡು ಹೊರಟಿದ್ದ ಬೀರಪ್ಪ ಗೇಟಿನ ಹತ್ತಿರ ನಿಂತ. ಅವನೂ ನನ್ನ ಶಿಷ್ಯನೇ. ವಿಜ್ಞಾನದಲ್ಲಿ ಮೂರು ಸಲ ಫೇಲಾದವನು. "ಕುರಿ ಕಾಯಾಕ ಹೋಗಲೇ" ಎಂದು ತುಂಬಿದ ಕ್ಲಾಸಿನಲ್ಲಿ ಅವನನ್ನು ಬೈದ ಮಹಾನುಭಾವ ನಾನೇ. ಅವನು ಒಳಗೆ ಬಂದು, ಬಾಗಿ ಬ್ಲೇಡು ಮುಟ್ಟಿ ನೋಡಿ, ಮೆಲ್ಲಗೆ ಹೇಳಿದ:

"ವಜ್ಜ ಹೆಚ್ಚಾದಷ್ಟು ತಿರಗಸಾಕೂ ತ್ರಾಸ, ನಿಂದರಸಾಕೂ ತ್ರಾಸ ಅಂತ ನೀವ ಕಲಿಸಿದ್ರಲ್ರಿ, ಸರ."

ಗೌರವ್ವ ನನ್ನ ಕಡೆ ನೋಡಲಿಲ್ಲ. ನೋಡಿದ್ದರೇ ವಾಸಿಯಿತ್ತು. "ಬೀರಪ್ಪ, ಕುರಿ ಒಳಗ ಬಿಡಪಾ" ಎಂದಳು.

ಸಂಜೆಯೊಳಗೆ ಹುಲ್ಲು ಸಮನಾಯಿತು. ಹೊಗೆಯಿಲ್ಲ, ಹಗ್ಗ ಎಳೆಯುವ ಕೆಲಸವಿಲ್ಲ. ಬ್ಲೇಡೆಂದರೆ ಕುರಿಯ ಹಲ್ಲು. ಹಗುರವೂ ಹೌದು, ಹರಿತವೂ ಹೌದು.

ಭಾನುವಾರ ಎಲ್ಲರೂ ಹುಲ್ಲುಹಾಸನ್ನು ಹೊಗಳಿದರು, ಕುರಿಹಿಕ್ಕೆ ಇಲ್ಲದ ಜಾಗ ನೋಡಿಕೊಂಡು ಕೂತರು. ಸರ್ ಕಲಿಸಿದ ಪಾಠ ಯಾರೂ ಮರೆತಿಲ್ಲ ಎಂದು ಒಬ್ಬ ಭಾಷಣ ಮಾಡಿದ. ಬೀರಪ್ಪ ತನ್ನ ಕುರಿಗಳ ಉಣ್ಣೆಯದೇ ಒಂದು ಕಂಬಳಿ ತಂದು ನನಗೆ ಹೊದಿಸಿ, ಕಾಲು ಮುಟ್ಟಿದ. ಕಂಬಳಿ ಬಲು ಭಾರವಿತ್ತು. ನನ್ನ ತಲೆ ತಾನಾಗಿ ತಗ್ಗಿತು. ಸಭೆಯವರು ಅದನ್ನು ವಿನಯ ಎಂದುಕೊಂಡು ಚಪ್ಪಾಳೆ ತಟ್ಟಿದರು.