ಮೊಮ್ಮಗಳಿಗೆ ನಾನು ಹೇಳಿಕೊಟ್ಟ ತೆಲುಗು

ಮೂವತ್ತೆರಡು ವರ್ಷ ಕನ್ನಡ ಮೇಷ್ಟರಾಗಿ ಸಂಬಳ ತಿಂದವನು ನಾನು. ಆದರೆ ನನಗೆ ಕನಸು ಬೀಳುವುದು ತೆಲುಗಿನಲ್ಲಿ. ಸರ್ವಿಸ್ಸಿನಲ್ಲಿದ್ದಾಗ ಇದನ್ನು ಯಾರ ಹತ್ತಿರವೂ ಬಾಯಿ ಬಿಟ್ಟಿರಲಿಲ್ಲ. ಈಗ ರಿಟೈರಾಗಿದ್ದೇನೆ, ಹೇಳಿದರೆ ಯಾರೂ ಮೆಮೋ ಕೊಡುವುದಿಲ್ಲ. ಚಿಂತಾಮಣಿಯವರಿಗಂತೂ ಇದರಲ್ಲಿ ವಿಶೇಷವೇನೂ ಕಾಣದು. ನಮ್ಮೂರ ಮಾರ್ಕೆಟ್ಟಿನಲ್ಲಿ ಒಬ್ಬನೇ ಮನುಷ್ಯ ತೆಲುಗಿನಲ್ಲಿ ಟೊಮ್ಯಾಟೊ ಇಳಿಸಿ, ಕನ್ನಡದಲ್ಲಿ ಕೂಗಿ, ಉರ್ದುವಿನಲ್ಲಿ ಚೌಕಾಸಿ ಮಾಡಿ, ಮತ್ತೆ ತೆಲುಗಿನಲ್ಲೇ ಬೈದುಕೊಂಡು ಮನೆಗೆ ಹೋಗುತ್ತಾನೆ. ನಾನೂ ಅದೇ ಜಾತಿಯವನು. ಮೇಲೂರಿನ ಕಡೆಯ ಒಂದು ಹೈಸ್ಕೂಲಿನಲ್ಲಿ ಹಗಲೆಲ್ಲ ಹಳಗನ್ನಡದ ಸಂಧಿ ಬಿಡಿಸುತ್ತ, "ಕ್ಲಾಸಲ್ಲಿ ತೆಲುಗು ಮಾತಾಡಿದ್ರೆ ಕಿವಿ ಹಿಂಡ್ತೀನಿ ಕಣ್ರೋ" ಎಂದು ಹುಡುಗರನ್ನು ಹೆದರಿಸುತ್ತಿದ್ದೆ. ಸಂಜೆ ಬಸ್ಸಿಳಿದು ಬಂದು ಚಪ್ಪಲಿಯ ಜೊತೆ ಕನ್ನಡವನ್ನೂ ಬಾಗಿಲಾಚೆ ಬಿಟ್ಟು ಒಳಗೆ ಹೋಗುತ್ತಿದ್ದೆ. ಒಳಗೆ ನನ್ನ ಹೆಂಡತಿ ನಾರಾಯಣಮ್ಮ ಇರುತ್ತಿದ್ದಳು. ಅಂಬಾಜಿದುರ್ಗದ ಬುಡದ ಹಳ್ಳಿಯವಳು. ಅವಳ ಕನ್ನಡ ಅಂಗಡಿಗೆ ಹೋಗಿ ಬರುವಷ್ಟು ಮಾತ್ರ. ಮಿಕ್ಕ ಬದುಕೆಲ್ಲ ತೆಲುಗಿನಲ್ಲೇ.

ನಾರಾಯಣಮ್ಮ ಹೋಗಿ ಎರಡು ವರ್ಷವಾಯಿತು. ಅವಳು ಹೋದಳೆಂಬುದು ಮೊದಲ ದಿನವೇ ಗೊತ್ತಾಯಿತು. ಅವಳ ಜೊತೆ ಮನೆಯಿಂದ ಒಂದು ಭಾಷೆಯೇ ಎದ್ದು ಹೋಯಿತೆಂಬುದು ಗೊತ್ತಾಗಲು ಹದಿನೈದು ದಿನ ಬೇಕಾಯಿತು. ಬಂದ ನೆಂಟರು ತಿಥಿಯೂಟ ಮುಗಿಸಿ ಬಸ್ಸು ಹತ್ತಿದ ಮೇಲೆ, ನೀರು ಬೇಕಾಗಿ "ನೀಳ್ಳು" ಎಂದೆ. ಯಾರೂ ತಿರುಗಿ ನೋಡಲಿಲ್ಲ. ಯಾರದೂ ತಪ್ಪಲ್ಲ. ಮನೆಯೇನೂ ಖಾಲಿಯಿರಲಿಲ್ಲ. ಮಗ, ಸೊಸೆ, ಮೊಮ್ಮಗಳು, ಟಿ.ವಿ., ಮಿಕ್ಸಿ, ಎಲ್ಲವೂ ಸದ್ದು ಮಾಡುತ್ತಲೇ ಇದ್ದವು. ನನಗೆ ಬೇಕಾದ ಸದ್ದೊಂದೇ ಇರಲಿಲ್ಲ.

ಮಗ ಮುರಳಿ ಶಿಡ್ಲಘಟ್ಟದಲ್ಲಿ ರೇಷ್ಮೆ ಇಲಾಖೆಯ ನೌಕರ. ಅವನಿಗೆ ತೆಲುಗು ಬರುತ್ತದೆ. ಆದರೆ ಅದು ಅವನಿಗೂ ಅವನಮ್ಮನಿಗೂ ಇದ್ದ ತೆಲುಗು. ಮೇಷ್ಟರ ಮಗನ ಕನ್ನಡ ಕೆಡಬಾರದೆಂದು ನಾನೇ ಅವನನ್ನು ಹಾಲುಹಲ್ಲಿನ ಕಾಲದಿಂದ ಕನ್ನಡದಲ್ಲಿ ಮಾತಾಡಿಸುತ್ತ ಬಂದೆ. ಅವಳು ಹೋದ ಮೇಲೆ ಒಂದು ದಿನ ಧೈರ್ಯ ಮಾಡಿ ಅವನನ್ನು ತೆಲುಗಿನಲ್ಲಿ ಏನೋ ಕೇಳಿದೆ. ಅವನು ಗಾಬರಿಯಾಗಿ, "ಯಾಕಪ್ಪಾ, ಮೈಗೆ ಹುಷಾರಿಲ್ವಾ?" ಎಂದು ಹಣೆ ಮುಟ್ಟಿ ನೋಡಿದ. ಮತ್ತೆ ಆ ಸಾಹಸ ಮಾಡಲಿಲ್ಲ.

ಸೊಸೆ ಶೈಲಜಾ ಧಾರವಾಡದ ಹುಡುಗಿ, ದನಗಳ ಡಾಕ್ಟರು. ಮದುವೆಯಾಗಿ ಬಂದ ಹೊಸದರಲ್ಲಿ ನನಗೆ ಸಾರು ಬಡಿಸುವಾಗ ನಾನು "ಚಾಲು, ಚಾಲು" ಎಂದೆ. ನಮ್ಮ ತೆಲುಗಿನಲ್ಲಿ ಚಾಲು ಎಂದರೆ ಸಾಕು. ಅವರ ಕಡೆ ಚಾಲೂ ಎಂದರೆ ಶುರು ಮಾಡು. ನಾನು ಹೇಳಿದಷ್ಟೂ ಅವಳು ಸುರಿದಳು. ಕೊನೆಗೆ ಎಲೆಯಿಂದ ಹೊರಟ ಸಾರು ನನ್ನ ಪಂಚೆಯವರೆಗೂ ಬಂತು. ಒಳಗೆ ನಾರಾಯಣಮ್ಮ ಸೆರಗು ಬಾಯಿಗೆ ಒತ್ತಿಕೊಂಡು ನಗುತ್ತಿದ್ದಳೇ ಹೊರತು ಬಿಡಿಸಲು ಬರಲಿಲ್ಲ. ಈಗ ಶೈಲಜಾ ಕೂಡ ತೆಲುಗು ಕಲಿತಿದ್ದಾಳೆ. ಸುತ್ತಲ ಹಳ್ಳಿಯ ರೈತರೆಲ್ಲ ತಮ್ಮ ಹಸುಗಳ ಕಷ್ಟವನ್ನು ತೆಲುಗಿನಲ್ಲೇ ಹೇಳಿಕೊಳ್ಳುವುದರಿಂದ ಕಲಿಯದೆ ಗತಿಯಿರಲಿಲ್ಲ. ಆದ್ದರಿಂದ ಅವಳ ತೆಲುಗೆಲ್ಲ ಕೊಟ್ಟಿಗೆಯದು. ಹೋದ ವರ್ಷ ನನಗೆ ಜ್ವರ ಬಂದಾಗ, ಮಾವನಿಗೆ ಸಂತೋಷವಾಗಲಿ ಎಂದು ಮಂಚದ ಪಕ್ಕ ನಿಂತು, "ಮಾವಾರ, ಮೇತ ಮೇಸ್ತಾ ಉಂದಾ?" ಎಂದು ಕೇಳಿದಳು. ಎಂದರೆ, ಮೇವು ಮೇಯುತ್ತಿದೆಯಾ ಅಂತ. ಪಾಪ, ಪ್ರೀತಿಯಿಂದಲೇ ಕೇಳಿದ್ದು. ನಾನೂ ಪ್ರೀತಿಯಿಂದಲೇ ತಲೆಯಾಡಿಸಿದೆ. ಹಸುವೂ ಅಷ್ಟೇ ಮಾಡುತ್ತಿತ್ತು.

ಹೀಗೆ ಎರಡು ಕಡೆಯೂ ಬಾಗಿಲು ಮುಚ್ಚಿದ ಮೇಲೆ ನನ್ನ ಕಣ್ಣು ಬಿದ್ದದ್ದು ಮೊಮ್ಮಗಳು ಇಂಚರಳ ಮೇಲೆ. ಆಗ ಅವಳಿಗೆ ಐದು ವರ್ಷ. ಅಮ್ಮನ ಧಾರವಾಡದ ಕನ್ನಡ, ಅಪ್ಪನ ಚಿಂತಾಮಣಿ ಕನ್ನಡ, ಸ್ಕೂಲಿನ ಇಂಗ್ಲಿಷ್ ಮೂರನ್ನೂ ಒಂದೇ ಬಾಯಲ್ಲಿ ಕಲಸಿಕೊಂಡು ಆರಾಮವಾಗಿದ್ದ ಮಗು. ಮಗನನ್ನು ಕೂರಿಸಿಕೊಂಡು, "ನೋಡಪ್ಪಾ, ಮನೆತನದ ಭಾಷೆ, ಬೇರು, ಸಂಸ್ಕೃತಿ" ಎಂದು ಅರ್ಧ ಗಂಟೆ ಭಾಷಣ ಮಾಡಿದೆ. ಅವನು ಮೊಬೈಲಿನಿಂದ ತಲೆಯೆತ್ತದೆ, "ಆಯ್ತಪ್ಪಾ, ಹೇಳ್ಕೊಡಿ, ಒಳ್ಳೇದೇ ಅಲ್ವಾ" ಎಂದ. ಬೇರಿನ ವಿಷಯ ಸುಳ್ಳೆಂದು ಓದುಗರ ಹತ್ತಿರವಾದರೂ ಒಪ್ಪಿಕೊಳ್ಳಬೇಕು. ನನಗೆ ಮಾತಾಡಲು ಒಬ್ಬರು ಬೇಕಾಗಿತ್ತು. ಅಷ್ಟೇ.

ಇಲ್ಲಿ ಇನ್ನೊಂದು ಮಾನಗೇಡಿನ ಸಂಗತಿಯನ್ನೂ ಹೇಳಿಬಿಡುತ್ತೇನೆ. ನನಗೆ ತೆಲುಗು ಓದಲು ಬರೆಯಲು ಬರುವುದಿಲ್ಲ. ನಮ್ಮ ಕಡೆಯ ತೆಲುಗಿನವರಲ್ಲಿ ಬಹಳ ಮಂದಿಯದು ಇದೇ ಕಥೆ. ಆದರೂ ಮೇಷ್ಟರ ಬುದ್ಧಿ ಬಿಡುತ್ತದೆಯೇ? ಇನ್ನೂರು ಪುಟದ ನೋಟುಪುಸ್ತಕ ತಂದು, ಮಾರ್ಜಿನ್ ಹಾಕಿ, 'ಪಾಠ ಒಂದು: ಮನೆ' ಎಂದು ಕನ್ನಡದಲ್ಲೇ ಬರೆದು ಮಹಡಿ ಮೆಟ್ಟಿಲ ಮೇಲೆ ಶಾಲೆ ತೆರೆದೆ.

"ಇಲ್ಲು ಅಂದ್ರೆ ಮನೆ. ಮನ ಇಲ್ಲು ಅಂದ್ರೆ ನಮ್ಮ ಮನೆ. ಹೇಳು ನೋಡಣ."

"ಮನ ಇಲ್ಲ."

"ಇಲ್ಲ ಅಲ್ಲಮ್ಮಾ, ಇಲ್ಲು."

"ಮನಿ ಇಲ್ಲೇ ಐತಲ್ಲ ತಾತ! ಯಾಕೆ ಇಲ್ಲ ಅಂತೀಯಾ?"

ಪಾಠ ಎರಡರಲ್ಲಿ ಪಾಲು ಎಂದರೆ ಹಾಲು ಎಂದು ಹೇಳಿಕೊಟ್ಟೆ. ಅವಳು ಸಂಜೆ ಗೇಟಿನ ಹತ್ತಿರ ನಿಂತು ಹೋಗಿ ಬರುವವರಿಗೆಲ್ಲ, "ನಮ್ಮ ತಾತ ನಂಗೆ ದಿನಾ ಪಾಲು ಕೊಡ್ತೀನಿ ಅಂದಿದಾರೆ" ಎಂದು ಸಾರಿದಳು. ಮನೆಯಲ್ಲಿ ಆಸ್ತಿ ಭಾಗವಾಗುತ್ತಿದೆ ಎಂದು ಬೀದಿಯ ಇಬ್ಬರು ಹಿರಿಯರು ನನಗೆ ಸಮಾಧಾನ ಹೇಳಲು ಬಂದರು. ಪಾಠ ಮೂರಕ್ಕೆ ಅವಳು ಆಕಳಿಸಿದಳು. ನಾಲ್ಕಕ್ಕೆ ಕಡ್ಲೆಮಿಠಾಯಿ ಆಸೆ ತೋರಿಸಿದೆ. ಮಿಠಾಯಿ ತಿಂದು ಹೊರಟುಹೋದಳು.

ಹೋದದ್ದು ಪಕ್ಕದ ಮನೆಗೆ. ಅಲ್ಲಿ ಆಫ್ರೀನ್ ಎಂಬ ಆರು ವರ್ಷದ ಪಂಡಿತೆಯಿದ್ದಳು. ಅವಳ ಬಳಿ ನೋಟುಪುಸ್ತಕವಿರಲಿಲ್ಲ, ಮಾರ್ಜಿನ್ ಇರಲಿಲ್ಲ, ಒಂದು ಕುಂಟಾಬಿಲ್ಲೆ ಕಲ್ಲಿತ್ತು. ಒಂದೇ ತಿಂಗಳಲ್ಲಿ ನನ್ನ ಮೊಮ್ಮಗಳು ಉರ್ದುವಿನಲ್ಲಿ ಜಗಳವಾಡಿ, ಉರ್ದುವಿನಲ್ಲೇ ರಾಜಿಯಾಗುವ ಮಟ್ಟಕ್ಕೆ ಬಂದಳು. ಮೆಟ್ಟಿಲ ಮೇಲೆ ಪುಸ್ತಕ ಹಿಡಿದು ಕೂತಿದ್ದ ನನ್ನನ್ನು ನೋಡಿ ಇಬ್ಬರೂ ಒಟ್ಟಿಗೆ, "ಕ್ಯಾ ಕರ್ ರೈಂ ದಾದಾ?", ಏನು ಮಾಡ್ತಿದೀರಿ ತಾತ, ಎಂದು ಕೇಳಿ ಓಡಿದರು. ನನಗೆ ಹೊಟ್ಟೆಕಿಚ್ಚಾಯಿತು. ಮುಚ್ಚಿಡುವುದೇಕೆ, ಆರು ವರ್ಷದ ಮಗುವಿನ ಮೇಲೆ ಹೊಟ್ಟೆಕಿಚ್ಚು. ಶಾಲೆ ಮುಚ್ಚಿದೆ. ಉಳಿದ ನೂರ ತೊಂಬತ್ತು ಪುಟಗಳಲ್ಲಿ ಈಗ ಶೈಲಜಾ ಯಾವ ಹಳ್ಳಿಯ ಯಾವ ಹಸುವಿಗೆ ಯಾವಾಗ ಚುಚ್ಚುಮದ್ದು ಎಂದು ಬರೆದಿಡುತ್ತಾಳೆ.

ಶಾಲೆ ಮುಚ್ಚಿ ಐದಾರು ತಿಂಗಳಾಗಿರಬೇಕು. ಒಂದು ಭಾನುವಾರ ಮಧ್ಯಾಹ್ನ ಮಹಡಿಯಲ್ಲಿ ಒಣಗಿದ ಬಟ್ಟೆ ತರಲು ಹತ್ತುತ್ತಿದ್ದೆ. ಮೆಟ್ಟಿಲ ತಿರುವಿನಲ್ಲಿ ಇಂಚರ ಗೊಂಬೆಯೊಂದನ್ನು ಗೋಡೆಗೆ ಒರಗಿಸಿ, ಎದುರಿಗೆ ಆಟದ ಪಾತ್ರೆ ಹರಡಿಕೊಂಡು ಕೂತಿದ್ದಳು. ಅವಳ ಬೆನ್ನು ನನ್ನ ಕಡೆಗಿತ್ತು.

"ತಿಂಟಿವಾ?" ಎಂದಳು ಗೊಂಬೆಗೆ.

ನಾನು ಹತ್ತುತ್ತಿದ್ದವನು ನಿಂತೆ. ತಿಂದೆಯಾ ಎಂಬುದಕ್ಕೆ ನಮ್ಮ ಮನೆಯಲ್ಲಿ ಆಡುವ ಮಾತು ಅದು. ಪಟ್ಟಣದ ತೆಲುಗಲ್ಲ, ಸಿನಿಮಾದ ತೆಲುಗಲ್ಲ, ನಮ್ಮ ಅಡಿಗೆಮನೆಯ ತೆಲುಗು. ಅವಳು ಗೊಂಬೆಯ ಮುಖವನ್ನೇ ನೋಡುತ್ತ ಸ್ವಲ್ಪ ಹೊತ್ತು ಕಾದಳು. ಆಮೇಲೆ ಒಂದು ನಿಟ್ಟುಸಿರು ಬಿಟ್ಟು, "ಕಂಡ್ಲಜೋಡು ಯಾಡ ಪೆಡ್ತಿವಿ?" ಎಂದಳು. ಕನ್ನಡಕ ಎಲ್ಲಿಟ್ಟೆ ಅಂತ. ಮತ್ತೆ ಕಾದಳು. ಮತ್ತೆ ನಿಟ್ಟುಸಿರು. "ಎಂಡಲೋ ಪೋವದ್ದು," ಬಿಸಿಲಲ್ಲಿ ಹೋಗಬೇಡ.

ಎರಡೆರಡು ಮೆಟ್ಟಿಲು ಹಾರಿ ಹತ್ತಿದೆ. ನನ್ನ ವಯಸ್ಸಿಗೆ ಅದು ಸಣ್ಣ ವಿಷಯವಲ್ಲ.

"ಅಮ್ಮಾ ಇಂಚರ! ಇದೆಲ್ಲ ಯಾರಮ್ಮಾ ಹೇಳ್ಕೊಟ್ಟಿದ್ದು?"

"ನೀನೇ."

"ನಾನಾ? ನನ್ನ ಪುಸ್ತಕದಲ್ಲಿ ಇದಿಲ್ವಲ್ಲಮ್ಮಾ."

"ಪುಸ್ತಕ ಅಲ್ಲ ತಾತ. ನೀನು ಕಾಫಿ ಮಾಡೋವಾಗ ಹೇಳ್ತೀಯಲ್ಲ, ಬಟ್ಟೆ ಮಡಚೋವಾಗ ಹೇಳ್ತೀಯಲ್ಲ, ಅದು."

ನನ್ನ ಬಾಯಿ ಮುಚ್ಚಿಯೇ ಇದೆಯೆಂದು ನಾನು ಎರಡು ವರ್ಷದಿಂದ ನಂಬಿದ್ದೆ. ಮಾತು ತಪ್ಪಿಸಲು, "ಮತ್ತೆ ನಿನ್ನ ಗೊಂಬೆ ಯಾಕೆ ಉತ್ತರ ಹೇಳ್ಲಿಲ್ಲ?" ಎಂದು ಕೇಳಿದೆ.

ಇಷ್ಟೂ ಗೊತ್ತಿಲ್ಲದ ತಾತನನ್ನು ಅವಳು ಕನಿಕರದಿಂದ ನೋಡಿದಳು. "ತೆಲುಗಲ್ಲಿ ಯಾರೂ ಆನ್ಸರ್ ಮಾಡಲ್ಲ ತಾತ. ಕೇಳ್ಬೇಕು, ಆಮೇಲೆ ಸುಮ್ನೆ ಇರ್ಬೇಕು."

ಬಟ್ಟೆ ತರುವುದನ್ನು ಬಿಟ್ಟು ಕೆಳಗಿಳಿದೆ. ಶೈಲಜಾ ಅಡಿಗೆಮನೆಯಲ್ಲಿ ರೊಟ್ಟಿ ಬಡಿಯುತ್ತಿದ್ದಳು. "ನಾನು ಒಬ್ಬನೇ ಮಾತಾಡ್ಕೋತೀನಾಮ್ಮಾ?" ಎಂದು ಕೇಳಿದೆ. ಬಡಿಯುತ್ತಿದ್ದ ಕೈ ನಿಂತಿತು.

"ಒಬ್ರ ಅಲ್ರಿ ಮಾವಾರ," ಎಂದಳು ಮೆಲ್ಲಗೆ. "ಅತ್ತಿ ಜೋಡಿ ಮಾತಾಡ್ತೀರಿ. ನಮಗೆಲ್ಲಾ ಗೊತ್ತೈತಿ. ಮುಂಜಾನೆ ನೀವು ಕಾಫಿ ಮಾಡೋ ಮುಂದ ನಾವ್ಯಾರೂ ಒಳಗ ಬರಂಗಿಲ್ಲ. ಟಿ.ವಿ.ನೂ ಹಚ್ಚಂಗಿಲ್ಲ. ನಿಮ್ಮ ಮಗಾನ ಹೇಳ್ಯಾರ."

ಬೆಳಿಗ್ಗೆ ಮನೆ ಅಷ್ಟು ನಿಶ್ಶಬ್ದವಾಗಿರುವುದಕ್ಕೆ ನಾನು ಅವರ ಸೋಮಾರಿತನವನ್ನು ಬೈದುಕೊಂಡಿದ್ದೆ. ನನ್ನ ಕುರ್ಚಿಗೆ ಬಂದು ಪೇಪರು ಬಿಡಿಸಿದೆ. ಪೇಪರನ್ನು ಮುಖದ ಮುಂದೆ ಹಿಡಿದ ಕೂಡಲೇ ಹೊಳೆಯಿತು. ತಿಂಟಿವಾ, ಕಂಡ್ಲಜೋಡು ಯಾಡ ಪೆಡ್ತಿವಿ, ಎಂಡಲೋ ಪೋವದ್ದು ಇವು ಯಾವುವೂ ನನ್ನ ಮಾತುಗಳಲ್ಲ. ನಾರಾಯಣಮ್ಮನವು. ನಾನು ಅವಳ ಹತ್ತಿರ ಮಾತಾಡುತ್ತಿರಲಿಲ್ಲ, ಅವಳಾಡಿದ್ದನ್ನೇ ಆಡುತ್ತಿದ್ದೆ. ಅಷ್ಟೂ ವರ್ಷ ಈ ಪ್ರಶ್ನೆಗಳನ್ನು ಕೇಳುತ್ತಿದ್ದವಳು ಅವಳು. ನಾನು ಹೀಗೆಯೇ ಪೇಪರಿನ ಹಿಂದೆ ಕೂತು "ಊಂ" ಎನ್ನುತ್ತಿದ್ದೆ. ಊಟಕ್ಕೂ ಊಂ, ಕನ್ನಡಕಕ್ಕೂ ಊಂ. ಕೆಲವು ಸಲ ಅದೂ ಇಲ್ಲ. ಅವಳು ಸ್ವಲ್ಪ ಹೊತ್ತು ಕಾಯುತ್ತಿದ್ದಳು, ನಿಟ್ಟುಸಿರು ಬಿಟ್ಟು ಒಳಗೆ ಹೋಗುತ್ತಿದ್ದಳು. ತೆಲುಗಿನಲ್ಲಿ ಯಾರೂ ಉತ್ತರ ಹೇಳುವುದಿಲ್ಲ ಎಂದು ಮೊದಲು ಕಲಿತದ್ದು ನನ್ನ ಮೊಮ್ಮಗಳಲ್ಲ.

ಮರುದಿನ ಇಂಚರ ಸ್ಕೂಲಿನಿಂದ ಬಂದು ಮೆಟ್ಟಿಲ ಮೇಲೆ ಪಾತ್ರೆ ಹರಡುವುದನ್ನೇ ಕಾದಿದ್ದು, ಗೊಂಬೆಯನ್ನು ಪಕ್ಕಕ್ಕೆ ಸರಿಸಿ ಅದರ ಜಾಗದಲ್ಲಿ ನಾನು ಕೂತೆ. "ಇವತ್ತು ನನ್ನ ಕೇಳು" ಎಂದೆ. ಅವಳು ಅನುಮಾನದಿಂದಲೇ, "ತಿಂಟಿವಾ?" ಎಂದಳು.

ನಾನು ಉತ್ತರ ಹೇಳಿದೆ. ತಿಂದೆ ಎಂದೆ. ಏನು ತಿಂದೆ ಎಂದೆ. ಹುಳಿಗೆ ಉಪ್ಪು ಜಾಸ್ತಿಯಾಗಿತ್ತು, ಆದರೂ ಎರಡು ಸಲ ಹಾಕಿಸಿಕೊಂಡೆ ಎಂದೆ. ನೀನು ಮಾಡುತ್ತಿದ್ದ ಹುಳಿಯನ್ನು ಒಂದು ದಿನವೂ ಚೆನ್ನಾಗಿದೆ ಎಂದು ಹೇಳಲಿಲ್ಲ, ಚೆನ್ನಾಗಿತ್ತು ಎಂದೆ. ಕನ್ನಡಕ ಫ್ರಿಜ್ಜಿನ ಮೇಲಿದೆ, ಬಿಸಿಲಲ್ಲಿ ಹೋಗುತ್ತಿಲ್ಲ, ಮಂಡಿನೋವು ಹಾಗೇ ಇದೆ, ನಿನ್ನ ಮೊಮ್ಮಗಳು ಎತ್ತರವಾಗಿದ್ದಾಳೆ. ಎಲ್ಲವನ್ನೂ ತೆಲುಗಿನಲ್ಲೇ ಹೇಳಿದೆ. ಎಷ್ಟು ಹೊತ್ತು ಹೇಳಿದೆನೋ ತಿಳಿಯದು. ಕಣ್ಣು ಒರೆಸಿಕೊಂಡು ನೋಡಿದರೆ, ಮಗು ಖಾಲಿ ಸೌಟು ಹಿಡಿದು ಬಾಯಿ ತೆರೆದುಕೊಂಡು ಕೂತಿತ್ತು.

"ಅಷ್ಟೊಂದು ಯಾಕೆ ಹೇಳ್ತೀಯಾ ತಾತ?" ಎಂದಳು ಕೊನೆಗೆ. "ನಾನು ತಿಂದ್ಯಾ ಅಂತ ಅಷ್ಟೇ ಕೇಳಿದ್ದು."

ಆಮೇಲೆ ನನ್ನನ್ನು ಎಬ್ಬಿಸಿ, ಸ್ಕರ್ಟಿನಿಂದ ಜಾಗ ಒರೆಸಿ, ಗೊಂಬೆಯನ್ನೇ ಮತ್ತೆ ಅಲ್ಲಿ ಕೂರಿಸಿದಳು. ನಾನು ಎರಡು ಮೆಟ್ಟಿಲು ಕೆಳಗೆ ಕೂತೆ. ಹೇಳುವುದು ಇನ್ನೂ ಬಹಳ ಇತ್ತು. ಅವಳು ಇನ್ನೊಮ್ಮೆ ಕೇಳಲಿ ಎಂದು ಕಾಯುತ್ತಿದ್ದೆ. ಆಟಕ್ಕೆ ಅಡ್ಡಿಯಾಗದಂತೆ, ಬಾಯಿ ಮುಚ್ಚಿಕೊಂಡು.