ದೇವರಿಲ್ಲದ ಗಚ್ಚಿ

ದೊಡ್ಡ ಪ್ರಶ್ನೆಗಳಿಗೆ ಉತ್ತರ ಹೇಳುವುದು ನನಗೆ ಮೊದಲಿನಿಂದಲೂ ಸಲೀಸು. ಸಣ್ಣ ಪ್ರಶ್ನೆಗಳ ಮುಂದೆ ಮಾತ್ರ ಬಾಯಿ ಕಟ್ಟುತ್ತದೆ. ಜಗತ್ತಿನಲ್ಲಿ ಯುದ್ಧಗಳೇಕೆ ನಿಲ್ಲುವುದಿಲ್ಲ ಎಂದು ಕೇಳಿ, ಚಹಾ ಆರುವುದರೊಳಗೆ ವಿವರಿಸಿಬಿಡುತ್ತೇನೆ. ಸಂಜೆಗೆ ಏನು ಪಲ್ಯ ಮಾಡಲಿ ಎಂದು ಹೆಂಡತಿ ಮಹಾದೇವಿ ಕೇಳಿದರೆ ‘ಏನಾದರೂ ಮಾಡು’ ಎನ್ನುವುದರಾಚೆ ನನ್ನ ಬುದ್ಧಿ ಓಡುವುದಿಲ್ಲ. ಮಹಾದೇವಿ ದೈವಭಕ್ತೆ. ನಾನು ಚಿಕ್ಕೋಡಿಯ ಒಂದು ಕಾಲೇಜಿನಲ್ಲಿ ಅರ್ಥಶಾಸ್ತ್ರ ಕಲಿಸುವ ನಾಸ್ತಿಕ. ಬೆಳಿಗ್ಗೆ ಮೊಬೈಲಿನಲ್ಲಿ ಗಲಭೆ, ಬಾಂಬು, ಬೆಂಕಿ ಏನೇ ಕಂಡರೂ ‘ಇದಕ್ಕೆಲ್ಲ ಧರ್ಮವೇ ಮೂಲ, ಅದೊಂದು ಇಲ್ಲದಿದ್ದರೆ ಲೋಕ ತಣ್ಣಗಿರುತ್ತಿತ್ತು’ ಎಂದು ಗಟ್ಟಿಯಾಗಿ ಹೇಳುವುದು ನನ್ನ ನಿತ್ಯಕರ್ಮ. ಆ ಹೊತ್ತಿಗೆ ಮಹಾದೇವಿ ದೇವರ ಮುಂದೆ ಗಂಟೆ ಬಾರಿಸುತ್ತಿರುತ್ತಾಳಾದ್ದರಿಂದ ಅವಳಿಗೆ ಕೇಳಿಸುವುದಿಲ್ಲ. ಕೇಳಿಸಬಾರದೆಂದೇ ಬಾರಿಸುತ್ತಾಳೆ ಎಂಬ ಗುಮಾನಿಯೂ ನನಗಿದೆ.

ನನ್ನ ಅಪ್ಪ ಐಗಳಿಯ ರೈತ. ದೇವರ ವಿಷಯದಲ್ಲಿ ಭೇದವೇ ಇಲ್ಲದ ಮನುಷ್ಯ. ಗುಡಿ, ದರ್ಗಾ, ಬಸದಿ, ಬೇವಿನ ಮರದ ಬುಡದ ಕಲ್ಲು, ಯಾವುದು ಎದುರಾದರೂ ಚಪ್ಪಲಿ ಬಿಟ್ಟು ಕೈ ಮುಗಿಯುತ್ತಿದ್ದ. ಅಂಥವನು ಜೀವಮಾನದಲ್ಲಿ ಕೊಡಲಿ ಎತ್ತಿದ್ದು ಒಂದೇ ಸಲ, ಅದೂ ಹೊಲದ ಬದುವಿಗಾಗಿ, ಸ್ವಂತ ದೊಡ್ಡಪ್ಪನ ಮಗನ ಮೇಲೆ. ಇಬ್ಬರ ಹಣೆಗೂ ಒಂದೇ ವಿಭೂತಿ, ಇಬ್ಬರ ಕೊರಳಲ್ಲೂ ಲಿಂಗ. ನಡುವೆ ಬಂದು ಕೊಡಲಿ ಕಸಿದುಕೊಂಡವರು ಆಚೆ ಹೊಲದ ಮುಲ್ಲಾ ಕಾಕಾ. ಮಗನಾದವನು ಇದರಿಂದ ಏನಾದರೂ ಕಲಿಯಬೇಕಿತ್ತು. ನಾನು ಅದನ್ನು ಅಪವಾದವೆಂದು ಬದಿಗಿಟ್ಟೆ. ಸಿದ್ಧಾಂತಕ್ಕೆ ಹೊಂದದ್ದನ್ನು ಅಪವಾದ ಎಂದು ಕರೆಯುವುದನ್ನು ನಮ್ಮ ವಿಷಯದಲ್ಲಿ ಮೊದಲ ವರ್ಷವೇ ಕಲಿಸುತ್ತಾರೆ.

ನಾವಿರುವ ಕಟ್ಟಡದಲ್ಲಿ ಮೂರು ಮನೆ, ಮೇಲೊಂದು ಗಚ್ಚಿ, ಎಂದರೆ ತಾರಸಿ. ಮಾಲೀಕರು ಕೊಲ್ಲಾಪುರದಲ್ಲಿರುವುದರಿಂದ ಗಚ್ಚಿಯ ಬಾಗಿಲ ಕೀಲಿಕೈ ಕೆಳಗಿನ ಮನೆಯವರಾದ ನಮ್ಮ ಬಳಿ. ನಡುವಿನ ಮನೆಯಲ್ಲಿ ದಸ್ತಗೀರ್ ಸಾಹೇಬರು ಮತ್ತು ಅವರ ಹೆಂಡತಿ ನೂರಜಹಾನ್. ಸಾಹೇಬರದು ಫೋಟೊಗಳಿಗೆ ಕಟ್ಟು ಹಾಕುವ ಅಂಗಡಿ. ಲಕ್ಷ್ಮಿ, ಮಹಾವೀರ, ಮಕ್ಕಾ, ಯಾರ ಯಾರದೋ ತೀರಿಹೋದ ಅಜ್ಜ, ಎಲ್ಲರೂ ಅವರ ಅಂಗಡಿಯಲ್ಲಿ ಹೆಗಲಿಗೆ ಹೆಗಲು ಹಚ್ಚಿ ನಿಂತು ಗಾಜಿಗಾಗಿ ಕಾಯುತ್ತಿರುತ್ತಾರೆ. ಧರ್ಮವೇ ಇಲ್ಲದಿದ್ದರೆ ಎಷ್ಟು ಚೆನ್ನ ಎಂದು ನಾನೊಮ್ಮೆ ಅವರಿಗೆ ಹೇಳಿದಾಗ, ಹಾಗಾದರೆ ತಾವು ಅಜ್ಜಂದಿರನ್ನೇ ನಂಬಿ ಬದುಕಬೇಕಾಗುತ್ತದೆ ಎಂದು ಚಿಂತೆಗೆ ಬಿದ್ದರು. ಮೇಲಿನ ಮನೆಯಲ್ಲಿ ಪದ್ಮಕ್ಕ. ಶೇಡಬಾಳ ಕಡೆಯ ಜೈನರು, ಗಂಡ ತೀರಿಕೊಂಡವರು, ಅರವತ್ತು ದಾಟಿದವರು. ಉದ್ದಿನ ಹಪ್ಪಳ ಮಾಡಿ ಮಾರುತ್ತಾರೆ. ಬೇಸಿಗೆಯ ಬಿಸಿಲೇ ಅವರ ವರ್ಷದ ಅನ್ನ, ಆ ಗಚ್ಚಿಯೇ ಅವರ ಹೊಲ.

ಈ ಗಚ್ಚಿ ಎಷ್ಟೋ ವರ್ಷ ಯಾರ ತಕರಾರೂ ಇಲ್ಲದೆ ನಡೆದಿತ್ತು. ಯಾಕೆ ನಡೆದಿತ್ತು ಎಂದು ನಾನು ಯೋಚಿಸಿರಲಿಲ್ಲ. ಸೋಮವಾರ ಮತ್ತು ಅಮಾವಾಸ್ಯೆ ಮಹಾದೇವಿ ಉಪವಾಸ, ಪೂಜೆ ಎಂದು ಸಂಡಿಗೆಯ ತಂಟೆಗೇ ಹೋಗುತ್ತಿರಲಿಲ್ಲ. ಶುಕ್ರವಾರದ ನಮಾಜಿಗೆ ಮಡಿ ಬಟ್ಟೆ ಬೇಕೆಂದು ನೂರಜಹಾನ್ ಗುರುವಾರವೇ ಒಗೆದು ಹರವುತ್ತಿದ್ದಳು, ಶುಕ್ರವಾರ ಹಗ್ಗ ಖಾಲಿ. ಅಷ್ಟಮಿ, ಚತುರ್ದಶಿ ಬಂದರೆ ಪದ್ಮಕ್ಕ ಹಿಟ್ಟು ಮುಟ್ಟದೆ ಬಸದಿಗೆ ಹೋಗುತ್ತಿದ್ದರು. ಒಬ್ಬರ ದೇವರು ರಜೆ ಕೊಟ್ಟ ದಿನ ಇನ್ನೊಬ್ಬರ ಹಪ್ಪಳ ಒಣಗುತ್ತಿತ್ತು. ಬಾಗಿಲು ಹಗಲೆಲ್ಲ ತೆರೆದೇ ಇರುತ್ತಿತ್ತು. ಮೋಡ ಕವಿದರೆ ಮನೆಯಲ್ಲಿದ್ದವರು ಯಾರೋ ಒಬ್ಬರು ಓಡಿಹೋಗಿ ಎಲ್ಲರದನ್ನೂ ಎತ್ತಿ ತರುತ್ತಿದ್ದರು.

ಹೋದ ಬೇಸಿಗೆಯಲ್ಲಿ ಒಂದು ಘಟನೆಯಾಯಿತು. ಸೋಮವಾರ ಮಹಾದೇವಿ ಗಚ್ಚಿಯ ತುಳಸಿಗೆ ಹಚ್ಚಿದ ದೀಪದ ಮೇಲೆ ನೂರಜಹಾನಳ ಒದ್ದೆ ಚಾದರಿನಿಂದ ಒಂದು ಹನಿ ಬಿದ್ದು ದೀಪ ಆರಿತು. ಮಹಾದೇವಿ ಏನೋ ಗೊಣಗಿದಳು, ನೂರಜಹಾನ್ ಏನೋ ಅಂದಳು. ನನಗೆ ಅದರಲ್ಲಿ ಕೋಮುಗಲಭೆಯ ಮೊದಲ ಕಿಡಿ ಕಂಡಿತು. ಇಡೀ ಮಧ್ಯಾಹ್ನ ಕೂತು ಪರಿಹಾರ ಯೋಚಿಸಿದೆ. ಅಷ್ಟರಲ್ಲಿ ಅವರಿಬ್ಬರೂ ನಮ್ಮ ಅಡುಗೆಮನೆಯಲ್ಲಿ ಚುರಮುರಿ ತಿನ್ನುತ್ತ ಯಾರದೋ ಸೊಸೆಯ ಬಗ್ಗೆ ನಗುತ್ತಿದ್ದರು. ಆದರೆ ಯೋಚಿಸಿಟ್ಟ ಪರಿಹಾರವನ್ನು ಹಾಳು ಮಾಡುವವನು ನಾನಲ್ಲ. ಸಂಜೆ ಎಲ್ಲರನ್ನೂ ಮೆಟ್ಟಿಲ ಮೇಲೆ ಸೇರಿಸಿ ಘೋಷಿಸಿದೆ: ಇಂದಿನಿಂದ ಈ ಗಚ್ಚಿ ಧರ್ಮಮುಕ್ತ. ಕೊನೆಯ ಮೆಟ್ಟಿಲು ದಾಟಿ ಯಾವ ದೇವರೂ ಬರಕೂಡದು. ತುಳಸಿಯೂ ಕೆಳಗೆ. ವಾರವಿಲ್ಲ, ತಿಥಿಯಿಲ್ಲ, ಯಾರು ಬೇಕಾದರೂ ಯಾವಾಗ ಬೇಕಾದರೂ ಏನು ಬೇಕಾದರೂ ಒಣಗಿಸಬಹುದು. ಎಲ್ಲರೂ ಆಗಲಿ ಎಂದರು. ಕಾಲೇಜಿನಲ್ಲಿ ಕಲಿಸುವವರ ಮಾತಿಗೆ ನಮ್ಮ ಕಡೆ ಯಾರೂ ಎದುರಾಡುವುದಿಲ್ಲ, ಅದೇ ತೊಂದರೆ.

ಹುರುಪಿನಲ್ಲಿ ನಾನು ಇನ್ನೂ ಒಂದು ಹೆಜ್ಜೆ ಮುಂದೆ ಹೋದೆ. ಬಕ್ರೀದ್ ಆದ ಮೇಲೆ ನೂರಜಹಾನ್ ಮಾಂಸದ ಖಂಡ ಒಣಗಿಸಲು ಪ್ರತಿವರ್ಷ ರಾಯಬಾಗದ ತವರುಮನೆಗೆ ಹೋಗುತ್ತಾಳೆ. ಇನ್ನು ಮೇಲೆ ಆ ಕಷ್ಟ ಬೇಡ, ವಸ್ತು ಎಂದರೆ ವಸ್ತು, ಇಲ್ಲೇ ಹಾಕು, ಅದು ನಿನ್ನ ಹಕ್ಕು ಎಂದು ಹೇಳಿದೆ. ಅವಳು ನನ್ನನ್ನು ಜ್ವರ ಬಂದವರನ್ನು ನೋಡುವಂತೆ ನೋಡಿದಳು.

“ಹಕ್ಕ ಇರಬಹುದ್ರಿ ಸರ್. ಪದ್ಮಕ್ಕಾರ ಹಪ್ಪಳದ ಬಾಜೂಕ ಖಂಡ ಹಾಕಿ, ನಾಳೆ ಅವರ ಮಾರಿ ನಾ ಹ್ಯಾಂಗ ನೋಡ್ಲಿ?” ಎಂದಳು.

ಇವಳಿಗೆ ಇನ್ನೂ ವೈಚಾರಿಕತೆ ಬಂದಿಲ್ಲ ಎಂದು ಮರುಗಿದೆ.

ನಮ್ಮ ಓಣಿಗೆ ನಳದ ನೀರು ದಿನವೂ ಬರುವುದಿಲ್ಲ. ಮೊದಲು ನೀರು ಬಂದ ದಿನವೂ ಒಬ್ಬರಿಗಲ್ಲ ಒಬ್ಬರಿಗೆ ಏನಾದರೂ ವ್ರತ ಅಡ್ಡ ಬರುತ್ತಿತ್ತು. ಈಗ ಗಚ್ಚಿಗೆ ವಾರ, ತಿಥಿಯ ಅಡ್ಡಿಯಿಲ್ಲವೆಂದು ನಾನೇ ಸಾರಿದ್ದೆನಲ್ಲ, ನೀರು ಬಂದ ಬೆಳಿಗ್ಗೆ ಮೂರೂ ಮನೆಯವರು ಒಟ್ಟಿಗೆ ಮೇಲೆ ಹತ್ತಿದರು. ಮಹಾದೇವಿಯ ಬಟಾಟಿ ಚಿಪ್ಸು, ಪದ್ಮಕ್ಕನ ಹಪ್ಪಳ, ನೂರಜಹಾನಳ ಅರಿವೆಯ ಬುಟ್ಟಿ. ಮೊದಮೊದಲು ‘ನೀವ ಹಾಕ್ರಿ’, ‘ಅಯ್ಯ, ನೀವ ಹಾಕ್ರಿ’ ಎಂದರು. ಆಮೇಲೆ ಆ ಮಾತು ನಿಂತಿತು. ಬಸ್ಸಿನ ಕಿಟಕಿಯಿಂದ ಟವೆಲ್ಲು ಒಗೆದು ಸೀಟು ಹಿಡಿಯುವಂತೆ ನಸುಕಿನಲ್ಲೇ ಹಳೆ ಸೀರೆ ಹಾಸಿ, ನಾಲ್ಕು ಮೂಲೆಗೆ ಇಟ್ಟಿಗೆ ಇಟ್ಟು ಬರುವುದು ಶುರುವಾಯಿತು. ನಮ್ಮ ಮನೆಯಿಂದ ಆ ಕೆಲಸಕ್ಕೆ ನೇಮಕವಾದವನು ನಾನೇ. ಗಡಿ ಎಂದರೆ ನಮ್ಮ ಸೀಮೆಯವರಿಗೆ ಹುಟ್ಟಿನಿಂದ ಬಂದ ರುಚಿ. ಕಾಲೇಜಿನಿಂದ ಸುಣ್ಣದ ಕಡ್ಡಿ ತಂದು ಗಚ್ಚಿಯನ್ನು ಮೂರು ಭಾಗ ಮಾಡಿ ಗೆರೆ ಎಳೆದೆ. ನಮ್ಮ ಭಾಗ ಒಂದು ಗೇಣು ಹೆಚ್ಚಾಗಿತ್ತು ಎಂದು ದಸ್ತಗೀರ್ ಸಾಹೇಬರು ಹೇಳಿದ್ದು ನಿಜ. ಕಟ್ಟಿನ ಕೆಲಸದವರಿಗೆ ಅಳತೆ ಬೇಗ ಕಣ್ಣಿಗೆ ಬೀಳುತ್ತದೆ. ಪದ್ಮಕ್ಕ ತಮ್ಮ ಸೀರೆಯನ್ನು ಇನ್ನೊಂದು ಮಡಿಕೆ ಮಡಚಿ ಸಣ್ಣದು ಮಾಡಿಕೊಂಡರು. ಆ ದಿನದಿಂದ ಅವರ ದಿನದ ಹಪ್ಪಳ ಅರ್ಧಕ್ಕಿಳಿಯಿತು.

ಒಂದು ಬೆಳಿಗ್ಗೆ ಸಾಹೇಬರ ಮನೆಯ ಚಾದರು ಗೆರೆ ದಾಟಿ ನಮ್ಮ ಬಟಾಟಿಯ ಮೇಲೆ ತೊಟ್ಟಿಕ್ಕತೊಡಗಿತು. ನಾನು ಹಗ್ಗಕ್ಕೆ ಊರಿದ್ದ ಬಿದಿರು ಗಳ ಹಿಡಿದು ಅತ್ತ ನೂಕಿದೆ. ಅವರು ಇತ್ತ ನೂಕಿದರು. ಇಬ್ಬರಿಗೂ ಐವತ್ತು ದಾಟಿದೆ, ಒಬ್ಬರಿಗೆ ಬಿಪಿ, ಇನ್ನೊಬ್ಬರಿಗೆ ಸಕ್ಕರೆ. ಗಳ ಜಾರಿ ಅವರ ಹಣೆಗೆ ಬಡಿಯಿತು ಎಂದು ಆಮೇಲೆ ಎಲ್ಲರಿಗೂ ಹೇಳಿದೆ. ನಿಮಗೆ ಸುಳ್ಳು ಯಾಕೆ, ಅದು ಜಾರಲಿಲ್ಲ. ಆ ಕ್ಷಣಕ್ಕೆ ನನಗೆ ಆ ಮನುಷ್ಯನನ್ನು ಹೊಡೆಯಬೇಕು ಎಂದೇ ಅನ್ನಿಸಿತ್ತು. ರಕ್ತ ಕಂಡ ಮೇಲೆ ನನ್ನದೇ ಗಾಡಿಯ ಮೇಲೆ ಕೂರಿಸಿಕೊಂಡು ದವಾಖಾನೆಗೆ ಓಡಿದೆ.

ಡಾಕ್ಟರು ಹೆಸರು ಕೇಳಿದರು. ಸಾಹೇಬರು ದಸ್ತಗೀರ್ ಎಂದರು. ಹೊಡೆದವರು ಯಾರು ಎಂದು ಡಾಕ್ಟರು ಕೇಳಿದರು. ನಾನು, ಬಸವರಾಜ, ಎಂದೆ. ಡಾಕ್ಟರು ಸೂಜಿ ಕೆಳಗಿಟ್ಟು ಎದ್ದುಹೋಗಿ ಬಾಗಿಲು ಹಾಕಿ ಬಂದರು. ದನಿ ತಗ್ಗಿಸಿ, “ಏನ ವಿಷಯರಿ? ಗುಡಿದೋ, ಮಸೂತಿದೋ?” ಎಂದರು.

“ಬಟಾಟಿದ್ರಿ,” ಎಂದರು ಸಾಹೇಬರು.

ಡಾಕ್ಟರಿಗೆ ಹೋದ ಜೀವ ಬಂದಂತಾಯಿತು. ನಗುನಗುತ್ತ ಹೊಲಿಗೆ ಹಾಕಿದರು. ಅದೇ ಗಳ, ಅದೇ ಹಣೆ, ಅಷ್ಟೇ ರಕ್ತ. ಕಾರಣ ದೇವರಾಗಿದ್ದರೆ ಸಂಜೆಯೊಳಗೆ ಪೇಟೆ ಬಂದಾಗುತ್ತಿತ್ತು, ನಿಪ್ಪಾಣಿಯಿಂದ ಅಥಣಿಯವರೆಗೆ ಮೊಬೈಲುಗಳು ಕುದಿಯುತ್ತಿದ್ದವು. ಬಟಾಟಿಯ ಹೆಸರಿನಲ್ಲಿ ಮೆರವಣಿಗೆ ಹೊರಡಿಸುವವರು ಇನ್ನೂ ಹುಟ್ಟಿಲ್ಲ. ಅಷ್ಟರ ಮಟ್ಟಿಗೆ ನನ್ನ ಸಿದ್ಧಾಂತದಲ್ಲಿ ಹುರುಳಿದೆ ಎಂದು ಈಗಲೂ ವಾದಿಸುತ್ತೇನೆ. ಆದರೆ ಹೊಡೆಯುವ ಕೈಗೆ ಧರ್ಮವೇ ಬೇಕೆಂದಿಲ್ಲ, ಅದು ಸಿಕ್ಕಿದ್ದನ್ನು ಹಿಡಿಯುತ್ತದೆ ಎಂಬುದನ್ನು ನನ್ನ ಕೈಯೇ ನನಗೆ ತೋರಿಸಿಕೊಟ್ಟಿತ್ತು. ನಾನು ನೋಡಲಿಲ್ಲ. ಮರುದಿನದಿಂದ ಶಾಂತಿ ಕಾಪಾಡಲು ಗಚ್ಚಿಗೆ ಕೀಲಿ ಹಾಕತೊಡಗಿದೆ. ಬೆಳಿಗ್ಗೆ ಒಣಗಲು ಹರವಿದ್ದನ್ನು ಸಂಜೆ ನಾನು ಬಂದು ತೆರೆಯುವವರೆಗೆ ಯಾರೂ ಮುಟ್ಟುವಂತಿಲ್ಲ.

ಆ ವಾರವೇ ಅಥಣಿಯ ಕಾಲೇಜೊಂದರಲ್ಲಿ ನನ್ನ ಉಪನ್ಯಾಸವಿತ್ತು. ವಿಷಯ, ಧರ್ಮವಿಲ್ಲದಿದ್ದರೆ ಲೋಕ ಹೆಚ್ಚು ಸುರಕ್ಷಿತವೇ. ಅಂದು ಪದ್ಮಕ್ಕ ಶೇಡಬಾಳದ ಒಂದು ಮದುವೆಮನೆಗೆ ಒಪ್ಪಿಕೊಂಡ ಹಪ್ಪಳವನ್ನೆಲ್ಲ ಹರವಿದ್ದರು. ಆ ಮನೆಯವರು ಮೆಚ್ಚಿದರೆ ಮುಂದಿನ ಮದುವೆಗಳೂ ತಮಗೇ ಬರುತ್ತವೆ ಎಂದು ಹಿಂದಿನ ದಿನ ಎಂದೂ ಇಲ್ಲದ ಖುಷಿಯಲ್ಲಿ ಹೇಳಿದ್ದರು. ನಾನು ಕೀಲಿ ಹಾಕಿ, ಕೀಲಿಕೈ ಜೇಬಿಗಿಳಿಸಿ ಬಸ್ಸು ಹತ್ತಿದೆ. ಅಥಣಿಯಲ್ಲಿ ರಣಬಿಸಿಲು. ಒಳ್ಳೆಯ ಓಘದಲ್ಲಿ ಮಾತಾಡಿದೆ. ಫೋನು ಬಂದ್ ಮಾಡಿಟ್ಟಿದ್ದೆ. ಊಟ ಮುಗಿಸಿ ತೆರೆದಾಗ ಮಹಾದೇವಿ ಸಾಲುಸಾಲಾಗಿ ಕರೆ ಮಾಡಿದ್ದು ಕಂಡಿತು. ತಿರುಗಿ ಮಾಡಿದರೆ ಎತ್ತಲಿಲ್ಲ.

ಚಿಕ್ಕೋಡಿಯಲ್ಲಿ ನಡುಮಧ್ಯಾಹ್ನ ಗಾಳಿಮಳೆ ಹೊಡೆದಿತ್ತು. ಮುಚ್ಚಿದ ಬಾಗಿಲ ಈಚೆ ಮೆಟ್ಟಿಲ ಮೇಲೆ ಪದ್ಮಕ್ಕ ಮಳೆಯ ಸದ್ದು ಕೇಳುತ್ತ ನಿಂತಿದ್ದರಂತೆ. ಅಳಲಿಲ್ಲ, ಬಾಗಿಲಿಗೆ ಎರಡೂ ಅಂಗೈ ಒತ್ತಿ ನಿಂತುಬಿಟ್ಟಿದ್ದರಂತೆ. ನೂರಜಹಾನ್ ಅಂಗಡಿಗೆ ಫೋನು ಮಾಡಿದ ಮೇಲೆ ದಸ್ತಗೀರ್ ಸಾಹೇಬರು ಹಣೆಯ ಪಟ್ಟಿಯೊಂದಿಗೇ ಸುತ್ತಿಗೆ ಹಿಡಿದು ಬಂದು ಕೀಲಿ ಒಡೆದರಂತೆ. ನಾನು ಮನೆ ಮುಟ್ಟಿದಾಗ ಮೂರೂ ಮನೆಗಳ ಫ್ಯಾನು ತಿರುಗುತ್ತಿದ್ದವು. ನೂರಜಹಾನಳ ಮಂಚದ ಮೇಲೆ ಹಪ್ಪಳ, ಮಹಾದೇವಿಯ ದೇವರ ಕಟ್ಟೆಯ ಮುಂದೆ ಹಪ್ಪಳ, ನನ್ನ ಪುಸ್ತಕದ ಮೇಜಿನ ಮೇಲೂ ಹಪ್ಪಳ. ಉಳಿದದ್ದು ಅರ್ಧ. ಮಿಕ್ಕಿದ್ದು ಬುಟ್ಟಿಯಲ್ಲಿ ಮುದ್ದೆಯಾಗಿ ಕೂತಿತ್ತು. ಮಹಾದೇವಿ ಮತ್ತು ನೂರಜಹಾನ್ ನಮ್ಮ ಮನೆಯಲ್ಲೇ ಉದ್ದಿನ ಹಿಟ್ಟು ಕಲಸಿ ಹೊಸದಾಗಿ ಲಟ್ಟಿಸುತ್ತ ಕೂತಿದ್ದರು. ನನ್ನನ್ನು ಯಾರೂ ಬಯ್ಯಲಿಲ್ಲ. ಬೈದಿದ್ದರೆ ಉತ್ತರ ಸಿದ್ಧವಿತ್ತು.

ಸ್ವಲ್ಪ ಹೊತ್ತಿಗೆ ಪದ್ಮಕ್ಕ ಕೆಳಗೆ ಬಂದು ಬಾಗಿಲಲ್ಲಿ ಕೈ ಜೋಡಿಸಿ ನಿಂತರು. “ಮಾಸ್ತರ, ನಿಮ್ಮನ್ನ ಕೇಳದನ ಕೀಲಿ ಒಡಸೀನಿ. ತಪ್ಪಾತ್ರಿ, ಮನಸಿನ್ಯಾಗ ಇಟಗೋಬ್ಯಾಡ್ರಿ,” ಎಂದರು.

ತಪ್ಪು ನನ್ನದು ಎನ್ನಬೇಕಿತ್ತು. ಬಾಯಿಂದ ಹೊರಗೆ ಬಂದದ್ದು ಮಾತ್ರ ಉಪನ್ಯಾಸ. ಅಕಾಲದ ಮಳೆಗೆ ಯಾರೂ ಹೊಣೆಯಲ್ಲ ಎಂದು ಶುರುಮಾಡಿ, ಎಲ್ಲರಿಗೂ ಸೇರಿದ ಸ್ವತ್ತು ಯಾಕೆ ಹಾಳಾಗುತ್ತದೆ ಎಂಬಲ್ಲಿಗೆ ಹೋಗಿ, ಅಥಣಿಯಲ್ಲಿ ಸಮಯ ಸಾಲದೆ ಬಿಟ್ಟಿದ್ದ ಭಾಗವನ್ನೂ ಸೇರಿಸಿದೆ. ಮಾಸ್ತರರು ಮಾತಾಡುವಾಗ ನಡುವೆ ಎದ್ದು ಹೋಗಬಾರದೆಂಬ ಮರ್ಯಾದೆ ಪದ್ಮಕ್ಕನದು. ಮಹಾದೇವಿ ಕಿಟಕಿಯತ್ತ ನೋಡುತ್ತ ಕಣ್ಸನ್ನೆ ಮಾಡುತ್ತಿದ್ದಳು. ಮಾತು ಕಳೆಗಟ್ಟಿದೆ ಎಂದು ತಿಳಿದು ಇನ್ನಷ್ಟು ವಿಸ್ತರಿಸಿದೆ. ನಾನು ಮುಗಿಸುವಾಗ ನೂರಜಹಾನ್ ಎದ್ದು ದೀಪ ಹಾಕಿದಳು. ಪದ್ಮಕ್ಕ “ಹೌದ್ರಿ ಮಾಸ್ತರ” ಎಂದು ಮೆಲ್ಲಗೆ ಮೆಟ್ಟಿಲು ಹತ್ತಿ ಹೋದರು.

ಹಿಟ್ಟಿನ ಕೈ ಒರೆಸಿಕೊಳ್ಳುತ್ತ ಮಹಾದೇವಿ ಹೇಳಿದಳು. “ಮುಂಜಾನಿಂದ ಆಕಿ ಏನೂ ಉಂಡಿಲ್ಲ. ಹಪ್ಪಳದ ಗದ್ಲದಾಗ ಮಧ್ಯಾಹ್ನದ ಊಟ ಹೋತು. ಹೊತ್ತ ಮುಳಗಿದ ಮ್ಯಾಲ ಜೈನರು ಉಣ್ಣಂಗಿಲ್ಲ, ನಾಳೆ ತನಕ ಇನ್ನ ಆಕಿ ತುತ್ತ ಮುಟ್ಟಂಗಿಲ್ಲ. ‘ತಪ್ಪಾತು’ ಅಂತ ನೀವ ಒಂದ ಮಾತ ಅಂದಿದ್ರ ಹೋಗಿ ಉಂಡ ಮಲಗತಿದ್ಲು.”

ಆಮೇಲೆ ಅವಳು ನನಗೆ ತಾಟು ಹಾಕಿದಳು. ರೊಟ್ಟಿ, ಹೆಸರುಕಾಳಿನ ಪಲ್ಯ, ಮೊಸರು. ಮುರಿದ ತುತ್ತು ಕೈಯಲ್ಲೇ ಉಳಿಯಿತು, ತಾಟು ಆಚೆ ಸರಿಸಿದೆ. ಹಸಿವಿಲ್ಲವೇ ಎಂದಳು. ಹಸಿವಿದೆ, ಉಣ್ಣುವುದಿಲ್ಲ ಎಂದೆ. “ಸೋಮವಾರನೂ ಅಲ್ಲ, ಅಮಾಸೀನೂ ಅಲ್ಲ. ಇದ್ಯಾವ ದೇವರ ಉಪಾಸರಿ?” ಎಂದು ಕೇಳಿದಳು. ಸ್ವಲ್ಪ ಹೊತ್ತಿಗೆ ಬಾಯಾರಿತು. ಉಪವಾಸದಲ್ಲಿ ನೀರು ಕುಡಿಯಬಹುದೋ ಇಲ್ಲವೋ ಗೊತ್ತಾಗದೆ ಅವಳನ್ನೇ ಕೇಳಬೇಕಾಯಿತು.