ಮಾಮೂಲಿ ಜೋಳದ ಇಲಿ

ಕೈಜಾರಿ ಬಿದ್ದ ಮೇಲೆ ಇಲಿ ಮೇಷ್ಟ್ರ ಫೋನು ಸ್ಪೀಕರಿನಲ್ಲಿ ಮಾತ್ರ ಮಾತಾಡುತ್ತಿತ್ತು. ರಿಪೇರಿಗೆ ಕೊಡಬೇಕು ಅಂದುಕೊಳ್ಳುತ್ತಲೇ ಅವರು ಅರ್ಧ ವರ್ಷ ಕಳೆದಿದ್ದರು. ಅವರಿಗೆ ಫೋನು ಮಾಡುವವರಾದರೂ ಯಾರು? ಸಾಕಿದ ದೊಡ್ಡಮ್ಮ ಮನೆಯಲ್ಲೇ ಇದ್ದರು. ಇಲಿಗಳಂತೂ ಫೋನು ಮಾಡುತ್ತಿರಲಿಲ್ಲ.

ಇಲಿಗಳೇ ಅವರ ಉದ್ಯೋಗ. ಹೊಸ ಕುಲಾಂತರಿ ಮುಸುಕಿನ ಜೋಳ ತಿಂದರೆ ಏನಾದರೂ ಅಪಾಯ ಉಂಟೇ ಎಂದು ಪರೀಕ್ಷಿಸುವ ಪ್ರಯೋಗಾಲಯದಲ್ಲಿ ಇಲಿಗಳನ್ನು ನೋಡಿಕೊಳ್ಳುವ ಕೆಲಸ; ಅದಕ್ಕೇ ಬೀದಿಯವರಿಗೆಲ್ಲ ಅವರು ಇಲಿ ಮೇಷ್ಟ್ರು. ಒಂದು ಸಾಲಿನ ಪಂಜರಗಳಿಗೆ ಹೊಸ ಜೋಳ, ಇನ್ನೊಂದು ಸಾಲಿಗೆ ಮಾಮೂಲಿ ಜೋಳ. ಯಾವ ಸಾಲಿಗೆ ಯಾವುದು ಎಂಬುದು ಮೇಲಧಿಕಾರಿ ಮೇಡಂ ಒಬ್ಬರಿಗೇ ಗೊತ್ತು. ನೋಡುವವನಿಗೆ ಗೊತ್ತಿದ್ದರೆ ಕಣ್ಣು ತನಗೆ ಬೇಕಾದ್ದನ್ನೇ ನೋಡುತ್ತದಂತೆ. ಹಾಗಾಗಿ ಇಲಿ ಮೇಷ್ಟ್ರು ದಿನಾ ಇಲಿಗಳ ತೂಕ, ಕಣ್ಣು, ಕೂದಲಿನ ಹೊಳಪು, ನಡಿಗೆ ಎಲ್ಲ ನೋಡುತ್ತಿದ್ದರು. ಜೋಳ ಒಳ್ಳೆಯದೋ ಕೆಟ್ಟದ್ದೋ ಎಂದು ಯಾರು ಕೇಳಿದರೂ ಒಂದೇ ಉತ್ತರ ಕೊಡುತ್ತಿದ್ದರು: "ಗೊತ್ತಿಲ್ಲ. ಪರೀಕ್ಷೆ ಇನ್ನೂ ಮುಗಿದಿಲ್ಲ."

ಆ ಶನಿವಾರ ಅವರದೇ ಒಂದು ಪರೀಕ್ಷೆ ಇತ್ತು. ಎದುರು ಅಂಗಡಿಯ ಟೈಲರಮ್ಮನ ಬಳಿ ಅಳತೆ ಕೊಡುವ ಸುಖಕ್ಕಾಗಿಯೇ ಅವರು ಒಂದೇ ವರ್ಷದಲ್ಲಿ ಒಂಬತ್ತು ಅಂಗಿ ಹೊಲಿಸಿದ್ದರು. ಒಂಬತ್ತನೆಯದಕ್ಕೆ ಆಕೆ ತೋಳಿನ ಅಳತೆ ಹಿಡಿದಿದ್ದಾಗ, ಧೈರ್ಯವೆಲ್ಲ ಒಟ್ಟುಮಾಡಿ, "ನನ್ನ ಮದ್ವೆ ಆಗ್ತೀರಾ?" ಎಂದು ಕೇಳಿಯೇಬಿಟ್ಟಿದ್ದರು. ಬಾಯಲ್ಲಿದ್ದ ಗುಂಡುಪಿನ್ನುಗಳನ್ನು ಒಂದೊಂದಾಗಿ ತೆಗೆದಿಟ್ಟು ಆಕೆ ಹೇಳಿದ್ದಳು: "ಶನಿವಾರ ಸಂಜೆ ಅಂಗಿ ಕೊಡ್ತೀನಿ. ಉತ್ತರಾನೂ ಆಗ್ಲೇ."

ಆ ಶನಿವಾರ ಬೆಳಗ್ಗೆ ಮೇಷ್ಟ್ರು ಮೆಟ್ಟಿಲಿಳಿಯುತ್ತಿದ್ದಾಗ ಫೋನು ಬಂತು.

"ರಕ್ತನಿಧಿಯಿಂದ ನರ್ಸ್ ಮಾತಾಡ್ತಿರೋದು," ಎಂದು ಫೋನು ಇಡೀ ಕಟ್ಟಡಕ್ಕೆ ಕೇಳುವಂತೆ ಕೂಗಿತು. "ಹೋದ ಸಲ ರಕ್ತ ಕೊಟ್ಟಿದ್ರಲ್ಲ, ಅದರಲ್ಲಿ ಒಂದು ವೈರಸ್ ಪರೀಕ್ಷೆ ಮಾಡಿದ್ವಿ. ಕೆಲಸ ಮುಗಿಸಿ ಇವತ್ತೇ ಬರಬೇಕು. ತಪ್ಪಿಸಬೇಡಿ."

"ಏನಾಗಿದೆ ನನಗೆ?"

"ಅದನ್ನೆಲ್ಲ ಫೋನಲ್ಲಿ ಹೇಳೋ ಹಾಗಿಲ್ಲ," ಎಂದು ನರ್ಸ್ ಇಟ್ಟುಬಿಟ್ಟಳು.

ಕೆಳಮನೆಯ ಬಾಗಿಲಲ್ಲಿ ಹಲ್ಲುಜ್ಜುತ್ತ ನಿಂತಿದ್ದವರು ನಿವೃತ್ತ ಬಸ್ ಕಂಡಕ್ಟರು. ಬಸ್ಸು ಬಿಟ್ಟರೂ ಕೂಗಿ ಹೇಳುವ ಅಭ್ಯಾಸ ಬಿಟ್ಟಿರಲಿಲ್ಲ.

"ವೈರಸ್ಸಾ? ಮೇಷ್ಟ್ರೇ, ನಿಜ ಹೇಳಿ. ಆ ಜೋಳ ನೀವೇನಾದ್ರೂ ತಿಂದಿದ್ರಾ?"

ಸುಳ್ಳು ಹೇಳಲು ಬಂದಿದ್ದರೆ ಮೇಷ್ಟ್ರ ಬಾಳು ಎಷ್ಟೋ ಹಗುರವಾಗಿರುತ್ತಿತ್ತು. "ಒಂದಿನ ಬುತ್ತಿ ಮರೆತಿದ್ದೆ. ಚೀಲದಿಂದ ಒಂದು ಹಿಡಿ ತಿಂದೆ."

"ಯಾವ ಚೀಲದಿಂದ? ಹೊಸದಾ, ಮಾಮೂಲೀದಾ?"

"ಗೊತ್ತಿಲ್ಲ."

"ತಿಂದ್ರೆ ವೈರಸ್ ಬರುತ್ತಾ?"

"ಬರೋಕೆ ಕಾರಣ ಇಲ್ಲ. ಆದ್ರೆ ಪರೀಕ್ಷೆ ಇನ್ನೂ..."

"ಮುಗಿದಿಲ್ಲ!" ಎಂದು ಕಂಡಕ್ಟರು ವಾಕ್ಯ ಮುಗಿಸಿ, ಎರಡು ಹೆಜ್ಜೆ ಹಿಂದೆ ಸರಿದರು. ಮೇಷ್ಟ್ರು ಚಪ್ಪಲಿ ಮೆಟ್ಟಿ ಬೀದಿಗೆ ಬರುವಷ್ಟರಲ್ಲಿ ಅವರು ಬಾಯಲ್ಲಿ ಬ್ರಶ್ಶು ಇಟ್ಟುಕೊಂಡೇ ಟೈಲರಮ್ಮನ ಅಂಗಡಿ ಹೊಕ್ಕಿದ್ದರು. ಹೊಲಿಗೆ ಯಂತ್ರದ ಸದ್ದು ನಿಂತಿತು. ಅದು ನಿಂತದ್ದು ಕೇಳಿ ಮೇಷ್ಟ್ರೂ ನಿಂತರು. ಕೊರಳಲ್ಲಿ ಟೇಪು ಹಾಕಿಕೊಂಡು ಆಕೆ ಬಾಗಿಲಿಗೆ ಬಂದು ಅವರನ್ನೇ ನೋಡುತ್ತ ನಿಂತಳು.

ಪ್ರಯೋಗಾಲಯದಲ್ಲಿ ಮೇಡಂ ಎಲ್ಲ ಕೇಳಿಸಿಕೊಂಡು, ಮೇಷ್ಟ್ರನ್ನು ಮೂಟೆ ತೂಗುವ ತಕ್ಕಡಿಯ ಮೇಲೆ ನಿಲ್ಲಿಸಿದರು. ಕಣ್ಣಿಗೆ ಟಾರ್ಚು ಬಿಟ್ಟರು. ಈ ಗೋಡೆಯಿಂದ ಆ ಗೋಡೆಗೆ ನಡೆಸಿದರು. ಪಂಜರಗಳಲ್ಲಿ ಇಲಿಗಳು ಹಿಂಗಾಲಲ್ಲಿ ನಿಂತು ನೋಡಿದವು. ಅವಕ್ಕೂ ಒಂದು ದಿನ ಬಂದಿತ್ತು.

"ಕೂದಲಿನ ಹೊಳಪು ಕಡಿಮೆ," ಎಂದರು ಮೇಡಂ.

"ಅದು ಹುಟ್ಟಿದಾಗಿಂದ್ಲೂ ಹಾಗೇ ಮೇಡಂ. ನಾನು ತಿಂದದ್ದು ಯಾವ ಜೋಳ, ಅಷ್ಟು ಹೇಳಿಬಿಡಿ. ಸಂಜೆ ಒಬ್ರಿಗೆ ಮುಖ ತೋರಿಸ್ಬೇಕು."

"ಹೇಳೋ ಹಾಗಿಲ್ರೀ. ಹೇಳಿದ್ರೆ ನೀವು ಆ ಸಾಲನ್ನ ಬೇರೆ ಕಣ್ಣಿಂದ ನೋಡ್ತೀರಿ. ಇಷ್ಟು ದಿನದ ಕೆಲಸ ನೀರುಪಾಲು." ಮೇಡಂ ದನಿ ಮೆತ್ತಗಾಯಿತು. "ಆದ್ರೆ ಜೋಳದಿಂದ ವೈರಸ್ ಬರಲ್ಲ. ಹೆದರಬೇಡಿ, ಹೋಗಿಬನ್ನಿ."

ಹೆದರದೆ ಇರುವುದು ಹೇಗೆ? ಸಂಜೆ ಮನೆಗೆ ಬಂದರೆ ಬಾಗಿಲಲ್ಲೇ ದೊಡ್ಡಮ್ಮ ಸೀರೆ ಬದಲಾಯಿಸಿ, ಚೀಲ ಹಿಡಿದು ಸಿದ್ಧರಾಗಿದ್ದರು. ಪಕ್ಕದಲ್ಲಿ ಕಂಡಕ್ಟರು, ಮೂಗಿಗೆ ಕರವಸ್ತ್ರ ಕಟ್ಟಿಕೊಂಡು. ಅವರ ಹಿಂದೆ ಟೈಲರಮ್ಮ, ಕೈಯಲ್ಲಿ ಅಂಗಿಯ ಪೊಟ್ಟಣ.

"ಅಂಗಿ ಆಯ್ತು," ಎಂದಳು ಆಕೆ.

"ಉತ್ತರ?"

"ಮೊದ್ಲು ಆಸ್ಪತ್ರೆ. ನಡೀರಿ."

ಬಸ್ಸಿನಲ್ಲಿ ಕಂಡಕ್ಟರು ಮೂರು ಸೀಟು ಹಿಂದೆ ಕೂತರು. ದೊಡ್ಡಮ್ಮ ದಾರಿಯುದ್ದಕ್ಕೂ ಮೇಷ್ಟ್ರ ಕೈ ಹಿಡಿದುಕೊಂಡಿದ್ದರು. ಅವರು ಹಿಂದೆ ಯಾವತ್ತಾದರೂ ಹಾಗೆ ಕೈ ಹಿಡಿದದ್ದು ಮೇಷ್ಟ್ರಿಗೆ ನೆನಪೇ ಇರಲಿಲ್ಲ. ಶುಚಿಯ ವಿಷಯದಲ್ಲಿ ಮಹಾ ಕಟ್ಟುನಿಟ್ಟಿನ ಹೆಂಗಸು. ತಾಯಿಯಿಲ್ಲದ ಕೂಸನ್ನು ಸಾಕುವಾಗ ಬಟ್ಟಲು, ಚಮಚ, ಗಿಲಕಿ ಎಲ್ಲ ಕುದಿಸಿ ಕೊಟ್ಟವರು.

ರಕ್ತನಿಧಿಯ ನರ್ಸ್ ನಾಲ್ವರನ್ನೂ ನೋಡಿ, "ಎಲ್ಲರ ಎದುರು ಹೇಳ್ಲಾ?" ಎಂದು ಕೇಳಿದಳು.

"ಹೇಳಿ," ಎಂದರು ಮೇಷ್ಟ್ರು. "ಎಲ್ಲ ನಮ್ಮೋರೇ."

"ಒಂದು ವೈರಸ್ ಇದೆ. ದೊಡ್ಡೋರಿಗೆ ಸಾಮಾನ್ಯವಾಗಿ ಏನೂ ಮಾಡಲ್ಲ, ಸುಮ್ನೆ ಮೈಯಲ್ಲಿರುತ್ತೆ. ರಕ್ತ ಕೊಡೋರಲ್ಲಿ ಹೆಚ್ಚುಕಮ್ಮಿ ಎಲ್ಲರಲ್ಲೂ ಇದೆ. ಈ ಅಜ್ಜಿಗೆ, ಇವರಿಗೆ, ನನಗೆ, ಎಲ್ಲರಿಗೂ ಇರಬಹುದು." ನರ್ಸ್ ಮೇಷ್ಟ್ರತ್ತ ತಿರುಗಿದಳು. "ನಿಮಗೆ ಇಲ್ಲ! ದಿನ ತುಂಬದೆ ಹುಟ್ಟಿದ ಕೂಸುಗಳಿಗೆ ಅದು ಅಪಾಯ, ಅದಿಲ್ಲದ ರಕ್ತಾನೇ ಬೇಕು. ಮೇಲಿನ ವಾರ್ಡಲ್ಲಿ ಅಂಗೈಯಷ್ಟು ಕೂಸೊಂದು ಕಾಯ್ತಿದೆ ಸಾರ್. ಸದ್ಯಕ್ಕೆ ನಮಗೆ ಗೊತ್ತಿರೋರು ನೀವೊಬ್ರೇ."

ಕಂಡಕ್ಟರು ಮೂಗಿನ ಕರವಸ್ತ್ರ ಬಿಚ್ಚಿ ಜೇಬಿಗೆ ತುರುಕಿಕೊಂಡರು. ಇಷ್ಟು ಹೊತ್ತು ಯಾರಿಂದ ದೂರ ಕೂತಿದ್ದರೋ ಅವರೇ ತಮ್ಮಿಂದ ದೂರ ಕೂರಬೇಕಿತ್ತು. ಆದರೂ ಬಾಯಿ ಸುಮ್ಮನಿರಬೇಕಲ್ಲ.

"ಅದು ಹರಡೋದು ಹೇಗಮ್ಮ?"

"ಎಂಜಲಿಂದ. ಮಕ್ಕಳಿಗೆ ಮುತ್ತು ಕೊಡ್ತೀವಿ, ಒಂದೇ ತಟ್ಟೇಲಿ ತಿಂತೀವಿ, ದೊಡ್ಡೋರಾದ್ಮೇಲೆ..." ನರ್ಸ್ ನಕ್ಕಳು. "ಮುತ್ತು ಅಂದ್ರೆ ಮುತ್ತೇ ಸಾರ್."

ಎಲ್ಲರ ಕಣ್ಣೂ ಒಮ್ಮೆಗೇ ಮೇಷ್ಟ್ರ ತುಟಿಯತ್ತ ತಿರುಗಿದವು. ತಮ್ಮ ಹರೆಯದಲ್ಲಿ ಹುಡುಗಿಯೊಬ್ಬಳು ತಮ್ಮನ್ನು ಬಿಟ್ಟಿರಲಾರದೆ ಮುತ್ತಿನ ಮಳೆಗರೆದ ಕತೆಯನ್ನು ಮೇಷ್ಟ್ರು ಇದೇ ಕಂಡಕ್ಟರಿಗೆ ಎಷ್ಟೋ ಸಲ ಹೇಳಿದ್ದರು. ಅವರು ಬದುಕಿನಲ್ಲಿ ಹೇಳಿದ ಒಂದೇ ಸುಳ್ಳು ಅದು. ಈಗ ಅದೂ ಸಿಕ್ಕಿಬಿತ್ತು. ಮೇಷ್ಟ್ರಿಗೆ ತಮ್ಮ ಪಂಜರಗಳ ನೆನಪಾಯಿತು. ಹೊಸತೇನನ್ನೂ ಕೊಡದೆ, ಪಕ್ಕದ ಸಾಲಿನ ಜೊತೆ ಹೋಲಿಸಿ ನೋಡಲಿಕ್ಕೆಂದೇ ಇಟ್ಟ ಇಲಿ. ತಮ್ಮದೂ ನಲವತ್ತೆರಡು ವರ್ಷ ಮಾಮೂಲಿ ಜೋಳ.

ದೊಡ್ಡಮ್ಮ ಅತ್ತೇಬಿಟ್ಟರು. "ಸೋಂಕು ತಗುಲೀತು ಅಂತ ನಿನಗೆ ಒಂದು ಮುತ್ತೂ ಕೊಡ್ಲಿಲ್ಲ ಕಣೋ ನಾನು. ಬೇಕು ಅನ್ನಿಸ್ತಿತ್ತು. ಕೊಡ್ಲಿಲ್ಲ."

"ಅದಕ್ಕೇ ಅಲ್ವಾ ದೊಡ್ಡಮ್ಮ, ಇವತ್ತು ಒಂದು ಕೂಸಿಗೆ ಉಪಯೋಗ ಆಗ್ತಿರೋದು," ಎಂದರು ಮೇಷ್ಟ್ರು.

ಟೈಲರಮ್ಮ ಪೊಟ್ಟಣ ಬಿಚ್ಚಿ ಅಂಗಿಯನ್ನು ಅವರ ಮಡಿಲಿಗೆ ಹಾಕಿದಳು. "ಆಗ್ತೀನಿ," ಎಂದಳು. "ಬೆಳಗ್ಗೇನೇ ಹೇಳ್ಬೇಕು ಅಂತಿದ್ದೆ. ಇವರು ಬ್ರಶ್ಶು ಹಿಡ್ಕೊಂಡು ಅಡ್ಡ ನಿಂತಿದ್ರು."

ಮೇಷ್ಟ್ರ ಮುಖ ಅರಳುತ್ತಿದ್ದಂತೆ ನರ್ಸ್ ಕೆಮ್ಮಿದಳು. "ಒಂದು ವಿನಂತಿ. ಇನ್ನೊಬ್ಬ ಇಂಥ ದಾನಿ ಸಿಗೋವರೆಗೂ ದಯವಿಟ್ಟು... ಈಗ ಹೇಗಿದ್ದೀರೋ ಹಾಗೇ ಇರಿ."

ಮೇಷ್ಟ್ರು ಟೈಲರಮ್ಮನನ್ನು ನೋಡಿದರು. ಆಕೆ ಕೆನ್ನೆ ಕೆಂಪೇರಿಸಿಕೊಂಡು ಮೇಲಿನ ವಾರ್ಡಿನತ್ತ ನೋಡಿದಳು. "ಕೂಸುಗಳಿಗೆ ಮೊದ್ಲು. ಮದ್ವೆ ಆಗೋಣ. ಅದೊಂದಕ್ಕೆ ಕಾಯೋಣ."

ಮೇಷ್ಟ್ರು ಹೊಸ ಅಂಗಿಯನ್ನೇ ಹಾಕಿಕೊಂಡು, ತೋಳು ಮಡಚಿ, ರಕ್ತ ಕೊಟ್ಟರು. ಅಂಥ ಹೆಮ್ಮೆ ಅವರಿಗೆ ಹಿಂದೆಂದೂ ಆಗಿರಲಿಲ್ಲ. ಹೊರಗೆ ಬಂದು ಬೆಂಚಿನ ಮೇಲೆ ಕೂತಾಗ, ಕೂಸಿನ ಅಪ್ಪ ಮೇಲಿಂದ ಓಡಿಬಂದ. ಎರಡು ರಾತ್ರಿ ನಿದ್ದೆಗೆಟ್ಟ ಕಣ್ಣು. ಸೊಂಟದಲ್ಲಿ ಎರಡು ವರ್ಷದ ಮಗಳು, ಕೂಸಿನ ಅಕ್ಕ. ಬಾಯ್ತುಂಬ ಬಿಸ್ಕತ್ತು, ಗದ್ದದ ತುಂಬ ಜೊಲ್ಲು.

ಮಗಳನ್ನು ಮೇಷ್ಟ್ರ ತೊಡೆಯ ಮೇಲೆ ಕೂರಿಸಿ, "ಪುಟ್ಟಿ... ಮಾಮನಿಗೆ..." ಎಂದಷ್ಟೇ ಅಂದ.

ಪುಟ್ಟಿಗೆ ಅಷ್ಟು ಸಾಕಾಗಿತ್ತು. ಎರಡೂ ಕೈಯಿಂದ ಮೇಷ್ಟ್ರ ಕಿವಿ ಹಿಡಿದೆಳೆದು, ಬಿಸ್ಕತ್ತು ಜೊಲ್ಲು ಸಮೇತ, ತುಟಿಯ ಮೇಲೆಯೇ ಒಂದು ಮುತ್ತು ಒತ್ತಿದಳು.

"ಅಯ್ಯೋ! ಬೇಡ!" ಎಂದು ನರ್ಸ್ ಕೂಗುವಷ್ಟರಲ್ಲಿ ಎರಡನೆಯದೂ ಬಿದ್ದಿತ್ತು.

ನರ್ಸ್ ತಲೆಯ ಮೇಲೆ ಕೈಹೊತ್ತು ಕೂತಳು. "ಮುಗೀತು. ಇವತ್ತು ಕೊಟ್ಟಿದ್ದಕ್ಕೇನೂ ತೊಂದರೆ ಇಲ್ಲ. ಆದ್ರೆ ತಗುಲಿದೆಯೋ ಇಲ್ವೋ ಅಂತ ಮೂರು ತಿಂಗಳು ಬಿಟ್ಟು ನೋಡ್ಬೇಕು. ಅಲ್ಲೀವರೆಗೆ ಕೂಸುಗಳಿಗೆ ನಿಮ್ಮ ರಕ್ತ ಇಲ್ಲ."

"ಹಾಗಾದ್ರೆ ಇನ್ನು..." ಎಂದು ಮೇಷ್ಟ್ರು ಆಸೆಯಿಂದ ಟೈಲರಮ್ಮನತ್ತ ತಿರುಗಿದರು.

"ಅದೂ ಇಲ್ಲ!" ಎಂದಳು ನರ್ಸ್. "ತಗುಲದೆ ಇದ್ರೆ? ನೀವು ಬೇಕೇ ಬೇಕಲ್ಲ!"

ಕಂಡಕ್ಟರು ಬಾಯಿಗೆ ಕರವಸ್ತ್ರ ಒತ್ತಿಕೊಂಡರು, ಈ ಸಲ ನಗು ತಡೆಯಲು. ಟೈಲರಮ್ಮ ಸೆರಗಿನ ಅಂಚಿನಿಂದ ಮೇಷ್ಟ್ರ ಗದ್ದಕ್ಕೆ ಹತ್ತಿದ ಬಿಸ್ಕತ್ತು ಒರೆಸಿದಳು. ಒರೆಸುತ್ತಲೇ ನಗುತ್ತಿದ್ದಳು.

"ಮೊದಲನೇ ಮುತ್ತು ಕಣ್ರೀ," ಎಂದಳು. "ಹೇಗಿತ್ತು?"

ಮೇಷ್ಟ್ರು ತೊಡೆಯ ಮೇಲಿನ ಪುಟ್ಟಿಯನ್ನು ನೋಡಿದರು, ಟೈಲರಮ್ಮನನ್ನು ನೋಡಿದರು.

"ಗೊತ್ತಿಲ್ಲ," ಎಂದರು. "ಪರೀಕ್ಷೆ ಇನ್ನೂ ಮುಗಿದಿಲ್ಲ."